ಕತ್ತು ‘ಟಕ್’ ಅಂದರೆ ಬಿಗಿತ ಬಿಟ್ಟಂತೆಯೇ? ಕುತ್ತಿಗೆ ತಿರುಗಿಸುವ ಚಿಕಿತ್ಸೆಗಳ ನಿಜ, ಸುಳ್ಳು ಮತ್ತು ಅಪಾಯ

‘ಕತ್ತಿನ ನರ ಬ್ಲಾಕ್ ಆಗಿದೆಯೇ? ಹತ್ತೇ ಸೆಕೆಂಡಿನಲ್ಲಿ ಬಿಡಿಸಿಕೊಳ್ಳಿ. ನಿಮ್ಮವರಿಗೂ ಕಳಿಸಿ.’

ಇಂಥದೊಂದು ಸಾಲಿನ ಕೆಳಗೆ ಒಂದು ವಿಡಿಯೊ. ಒಬ್ಬರು ಮಂಚದ ಮೇಲೆ ಅಂಗಾತ ಮಲಗಿರುತ್ತಾರೆ. ಇನ್ನೊಬ್ಬರು ಅವರ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಮೆಲ್ಲಗೆ ಆಚೀಚೆ ಆಡಿಸಿ, ಇದ್ದಕ್ಕಿದ್ದಂತೆ ಪಕ್ಕಕ್ಕೆ ತಿರುವುತ್ತಾರೆ. ಕತ್ತಿನ ಹತ್ತಿರವೇ ಮೈಕ್ ಇಟ್ಟಿರುವುದರಿಂದ ‘ಟಕಟಕ’ ಎಂಬ ಸದ್ದು ಸ್ಪಷ್ಟವಾಗಿ ಕೇಳುತ್ತದೆ. ಮಲಗಿದ್ದವರು ನಗುತ್ತಾ ಎದ್ದು ಕೂರುತ್ತಾರೆ. ವರ್ಷಗಳ ನೋವು ಮಾಯ! ನಿಮ್ಮ ಫೋನಿಗೂ ಇಂಥ ವಿಡಿಯೊ ಬಂದಿರಬಹುದು. ನೀವೂ ಅದನ್ನು ಯಾರಿಗಾದರೂ ಕಳಿಸಿರಬಹುದು.

ಕತ್ತು ನೋವು ಬಹಳ ಸಾಮಾನ್ಯವಾದ ತೊಂದರೆ. 2020ರಲ್ಲಿ ಜಗತ್ತಿನಾದ್ಯಂತ ಸುಮಾರು 20 ಕೋಟಿ ಜನರಿಗೆ ಕತ್ತು ನೋವಿತ್ತು ಎಂಬುದು ತಜ್ಞರ ಅಂದಾಜು. ಇಷ್ಟು ಜನರಿಗೆ ಇರುವ ನೋವಿಗೆ ಹತ್ತು ಸೆಕೆಂಡಿನ ಪರಿಹಾರ ಸಿಗುತ್ತದೆ ಎಂದರೆ ಯಾರಿಗೆ ಬೇಡ? ಆದ್ದರಿಂದಲೇ ಈ ವಿಷಯವನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಕತ್ತು ಬಿಗಿಯುವುದು ಎಂದರೇನು, ಕೈಯಿಂದ ಮಾಡುವ ಚಿಕಿತ್ಸೆಗಳು ಯಾವುವು, ಯಾವುದು ಎಷ್ಟು ಕೆಲಸ ಮಾಡುತ್ತದೆ, ಯಾವುದನ್ನು ಮಾಡಿಸಿಕೊಳ್ಳಬಾರದು ಎಂಬುದನ್ನು ಒಂದೊಂದಾಗಿ ತಿಳಿಯೋಣ.

ಮೊದಲು ಚುಟುಕಾಗಿ

• ‘ಟಕ್’ ಎಂಬ ಸದ್ದು ಮೂಳೆ ಜಾಗಕ್ಕೆ ಕೂತ ಸದ್ದಲ್ಲ, ನರ ಬಿಟ್ಟ ಸದ್ದೂ ಅಲ್ಲ.
• ತರಬೇತಿ ಪಡೆದವರು ಕೈಯಿಂದ ಮಾಡುವ ಮೃದುವಾದ ಚಿಕಿತ್ಸೆಯಿಂದ ನೋವು ಸ್ವಲ್ಪ ಕಾಲ ಕಡಿಮೆಯಾಗಬಹುದು. ಮನೆಯಲ್ಲಿ ನಿಯಮಿತವಾಗಿ ಮಾಡುವ ವ್ಯಾಯಾಮದಿಂದಲೂ ಹೆಚ್ಚುಕಡಿಮೆ ಅಷ್ಟೇ ಲಾಭವಿದೆ.
• ಕತ್ತನ್ನು ಇದ್ದಕ್ಕಿದ್ದಂತೆ ತಿರುವುವುದರಿಂದ ಅಪರೂಪಕ್ಕೆ ರಕ್ತನಾಳ ಸೀಳಿ ಪಾರ್ಶ್ವವಾಯು ಆಗಿರುವ ಉದಾಹರಣೆಗಳಿವೆ. ನಮ್ಮ ಬಳ್ಳಾರಿಯಲ್ಲೂ ಆಗಿದೆ.

ಕತ್ತು ಬಿಗಿಯುವುದು ಎಂದರೇನು?

ನಮ್ಮ ತಲೆಯ ತೂಕ ಸುಮಾರು ನಾಲ್ಕೂವರೆಯಿಂದ ಐದು ಕೆ.ಜಿ. ಈ ಭಾರವನ್ನು ಹೊತ್ತಿರುವುದು ಏಳು ಸಣ್ಣ ಮೂಳೆಗಳು ಮತ್ತು ಅವುಗಳ ಸುತ್ತಲಿನ ಸ್ನಾಯುಗಳು. ತಲೆಯ ಹಿಂಭಾಗದಿಂದ ಹೆಗಲಿನವರೆಗೆ ಹರಡಿರುವ ಟ್ರೆಪೀಜಿಯಸ್, ಕತ್ತಿನ ಪಕ್ಕದಿಂದ ಹೆಗಲಿನ ಹಲಗೆಮೂಳೆಗೆ ಇಳಿಯುವ ಲಿವೇಟರ್ ಸ್ಕಾಪ್ಯುಲೆ, ತಲೆಬುರುಡೆಯ ಬುಡದಲ್ಲಿರುವ ಸಣ್ಣ ಸಣ್ಣ ಸ್ನಾಯುಗಳು, ಇವೇ ಸಾಮಾನ್ಯವಾಗಿ ‘ಹಿಡಿದುಕೊಳ್ಳುವ’ ಸ್ನಾಯುಗಳು. ಹೆಗಲಿನ ಮೇಲ್ಭಾಗವನ್ನು ಬೆರಳಿನಿಂದ ಒತ್ತಿದರೆ ‘ಅಯ್ಯೋ’ ಅನಿಸುವ ಜಾಗ ಬಹುತೇಕ ಟ್ರೆಪೀಜಿಯಸ್‌ನದ್ದು.

ತುಂಬಿದ ಕೊಡವನ್ನು ಎದೆಗೆ ಒತ್ತಿ ಹಿಡಿದರೆ ಎಷ್ಟೋ ಹೊತ್ತು ನಿಲ್ಲಬಹುದು. ಅದೇ ಕೊಡವನ್ನು ಕೈ ಮುಂದೆ ಚಾಚಿ ಹಿಡಿದರೆ ಎರಡು ನಿಮಿಷಕ್ಕೇ ತೋಳು ನಡುಗುತ್ತದೆ. ತಲೆಯೂ ಹಾಗೆಯೇ. ಮುಂದಕ್ಕೆ ಬಾಗಿದಷ್ಟೂ ಹಿಂದಿನ ಸ್ನಾಯುಗಳು ಹೆಚ್ಚು ಎಳೆಯಬೇಕು. ‘ಮೊಬೈಲ್ ನೋಡಿದರೆ ಕತ್ತಿನ ಮೇಲೆ 27 ಕೆ.ಜಿ. ಭಾರ ಬೀಳುತ್ತದೆ’ ಎಂಬ ಚಿತ್ರ ನೀವು ನೋಡಿರುತ್ತೀರಿ. 2014ರಲ್ಲಿ ಅಮೆರಿಕದ ಬೆನ್ನುಮೂಳೆ ಶಸ್ತ್ರಚಿಕಿತ್ಸಕ ಕೆನೆತ್ ಹನ್ಸ್‌ರಾಜ್ ಪ್ರಕಟಿಸಿದ ಲೆಕ್ಕ ಅದರ ಮೂಲ. ತಲೆಯನ್ನು 60 ಡಿಗ್ರಿ ಬಾಗಿಸಿದಾಗಿನ ಭಾರ ಅದು. ಆದರೆ ಅದು ಕಂಪ್ಯೂಟರ್ ಮಾದರಿಯಲ್ಲಿ ಮಾಡಿದ ಲೆಕ್ಕವೇ ಹೊರತು ಜನರ ಕತ್ತಿನಲ್ಲಿ ಅಳೆದದ್ದಲ್ಲ. ಅಷ್ಟು ಭಾರ ಬಿದ್ದ ಮಾತ್ರಕ್ಕೆ ಕತ್ತು ಕೆಟ್ಟೇ ಹೋಗುತ್ತದೆ ಎಂದೂ ಅದು ಹೇಳುವುದಿಲ್ಲ. ಬಾಗುವುದಕ್ಕಿಂತ ಬಾಗಿ ಗಂಟೆಗಟ್ಟಲೆ ಅಲುಗಾಡದೆ ಇರುವುದು ತೊಂದರೆ. ಗಾರ್ಮೆಂಟ್ಸಿನಲ್ಲಿ ದಿನವಿಡೀ ಹೊಲಿಗೆ ಯಂತ್ರದ ಮುಂದೆ ಕೂರುವವರಿಗೆ, ಬೀಡಿ ಕಟ್ಟುವವರಿಗೆ, ಉತ್ತರಪತ್ರಿಕೆ ತಿದ್ದುವ ಮೇಷ್ಟರಿಗೆ ಮೊಬೈಲ್ ಬರುವ ಮೊದಲೂ ಕತ್ತು ಹಿಡಿಯುತ್ತಿತ್ತು.

ಇಲ್ಲಿ ಒಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಬಿಗಿಯಾಗಿದೆ ಎಂದು ಅನಿಸುವ ಸ್ನಾಯು ನಿಜಕ್ಕೂ ಉದ್ದ ಕಡಿಮೆಯಾಗಿ ಗಿಡ್ಡವಾಗಿರಬೇಕೆಂದೇನಿಲ್ಲ. ಎಷ್ಟೋ ಸಲ ಅದು ದಣಿದಿರುತ್ತದೆ. ಕೆಲವು ಸಲ ಒಳಗಿನ ಕೀಲಿಗೆ ನೋವಾದಾಗ ಅದನ್ನು ಕಾಪಾಡಲು ಸ್ನಾಯು ತಾನೇ ಬಿಗಿ ಹಿಡಿದುಕೊಳ್ಳುತ್ತದೆ. ನಿದ್ದೆ ಕಡಿಮೆಯಾದಾಗ, ಮನಸ್ಸಿಗೆ ಚಿಂತೆ ಹತ್ತಿದಾಗ ಬಿಗಿತ ಹೆಚ್ಚುವುದು ನಿಮ್ಮ ಅನುಭವಕ್ಕೂ ಬಂದಿರಬಹುದು. ಹಾಗಾಗಿ ‘ಬಿಗಿದಿದೆ, ಎಳೆದರೆ ಸರಿಹೋಗುತ್ತದೆ’ ಎಂಬ ಸರಳ ಲೆಕ್ಕ ಯಾವಾಗಲೂ ಸರಿಬರುವುದಿಲ್ಲ.

ಹಾಗಾದರೆ ಆ ‘ಟಕ್’ ಸದ್ದು ಏನು?

ಬೆರಳಿನ ನೆಟಿಗೆ ತೆಗೆಯುವುದು ನಮಗೆಲ್ಲ ಗೊತ್ತು. ಕತ್ತಿನ ಸದ್ದೂ ಅದೇ ಜಾತಿಯದು. ಕೀಲಿನೊಳಗೆ ಎಣ್ಣೆಯಂಥ ದ್ರವವಿರುತ್ತದೆ. ಅದರಲ್ಲಿ ಅನಿಲ ಕರಗಿರುತ್ತದೆ. ಕೀಲಿನ ಎರಡು ಮೇಲ್ಮೈಗಳನ್ನು ಒಮ್ಮೆಲೇ ದೂರ ಎಳೆದಾಗ ಒಳಗಿನ ಒತ್ತಡ ಕುಸಿದು ಅನಿಲದ ಟೊಳ್ಳು ಉಂಟಾಗುತ್ತದೆ. ಈ ಗುಳ್ಳೆ ಒಡೆಯುವುದರಿಂದ ಸದ್ದು ಬರುತ್ತದೆ ಎಂದು 1971ರಲ್ಲಿ ಬ್ರಿಟನ್ನಿನ ಸಂಶೋಧಕರು ಹೇಳಿದ್ದರು. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಗ್ರೆಗ್ ಕೌಚಕ್ ಮತ್ತು ಜೊತೆಗಾರರು ಎಂ.ಆರ್.ಐ. ಯಂತ್ರದೊಳಗೇ ಬೆರಳಿನ ನೆಟಿಗೆ ತೆಗೆಸಿ ನೋಡಿದರು. ಗುಳ್ಳೆ ಒಡೆಯುವಾಗಲ್ಲ, ಟೊಳ್ಳು ಹುಟ್ಟುವ ಕ್ಷಣದಲ್ಲೇ ಸದ್ದು ಬರುವುದು ಅವರಿಗೆ ಕಂಡಿತು. ಈ ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ಎರಡೂ ಕಡೆಯವರು ಒಪ್ಪುವುದು ಇಷ್ಟು: ಅದು ಅನಿಲದ ಆಟ. ಮೂಳೆ ಜರುಗಿ ಜಾಗಕ್ಕೆ ಕೂತ ಸದ್ದಲ್ಲ. ಅದಕ್ಕೇ ಒಮ್ಮೆ ನೆಟಿಗೆ ತೆಗೆದ ಬೆರಳು ಮತ್ತೆ ಸದ್ದು ಮಾಡಲು ಸುಮಾರು 20 ನಿಮಿಷ ಬೇಕು.

‘ನೆಟಿಗೆ ತೆಗೆದರೆ ಸಂಧಿವಾತ ಬರುತ್ತದೆ’ ಎಂಬ ಮಾತೂ ಇದೆ. ಅಮೆರಿಕದ ವೈದ್ಯ ಡೊನಾಲ್ಡ್ ಉಂಗರ್ ಇದನ್ನು ಪರೀಕ್ಷಿಸಲು 60ಕ್ಕೂ ಹೆಚ್ಚು ವರ್ಷ ಒಂದೇ ಕೈಯ ನೆಟಿಗೆ ತೆಗೆಯುತ್ತಾ ಬಂದರು. ಎರಡು ಕೈಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. 2009ರಲ್ಲಿ ಅವರಿಗೆ ಇಗ್ ನೊಬೆಲ್ ಎಂಬ ವಿನೋದದ ಪ್ರಶಸ್ತಿ ಸಿಕ್ಕಿತು. ಆದರೆ ಬೆರಳಿಗೆ ಅನ್ವಯಿಸಿದ್ದು ಕತ್ತಿಗೆ ಅನ್ವಯಿಸುವುದಿಲ್ಲ. ಬೆರಳಿನ ಕೀಲಿನ ಪಕ್ಕದಲ್ಲಿ ಮಿದುಳಿಗೆ ರಕ್ತ ಒಯ್ಯುವ ನಾಳವಿಲ್ಲ. ಕತ್ತಿನಲ್ಲಿದೆ.

ತಿರುವಿದ ಕೂಡಲೇ ಹಗುರ ಅನಿಸುವುದು ಸುಳ್ಳೇ? ಸುಳ್ಳಲ್ಲ. ಕೀಲು ಮತ್ತು ಸ್ನಾಯುವಿನಿಂದ ಹೊಸ ಸಂವೇದನೆ ಮಿದುಳಿಗೆ ಹೋದಾಗ ನೋವಿನ ಅನುಭವ ತಾತ್ಕಾಲಿಕವಾಗಿ ತಗ್ಗುತ್ತದೆ. ಸುತ್ತಲಿನ ಸ್ನಾಯು ಸ್ವಲ್ಪ ಸಡಿಲಗೊಳ್ಳುತ್ತದೆ. ಕೆಲವು ಗಂಟೆಗಳಲ್ಲಿ ಮತ್ತೆ ಮೊದಲಿನಂತೆಯೇ ಆಗುವುದರಿಂದ ಪದೇಪದೇ ತಿರುವಿಕೊಳ್ಳುವ ಅಭ್ಯಾಸ ಅಂಟಿಕೊಳ್ಳುತ್ತದೆ.

ಕೈಯಿಂದ ಮಾಡುವ ಚಿಕಿತ್ಸೆ ಎಂದರೆ ಒಂದೇ ಅಲ್ಲ

ವಿಡಿಯೊ ನೋಡಿದವರಿಗೆ ಮ್ಯಾನುಯಲ್ ಥೆರಪಿ, ಅಂದರೆ ಕೈಯಿಂದ ಮಾಡುವ ಚಿಕಿತ್ಸೆ, ಎಂದರೆ ಕತ್ತು ತಿರುವುವುದು ಮಾತ್ರ ಎನಿಸಬಹುದು. ನಿಜದಲ್ಲಿ ಇದರಲ್ಲಿ ಹಲವು ಬಗೆಗಳಿವೆ. ಮೃದುವಾದದ್ದರಿಂದ ಜೋರಿನದ್ದಕ್ಕೆ ಹೀಗೆ ಸಾಲಿಡಬಹುದು.

ಮಸಾಜ್ ಮತ್ತು ಒತ್ತುವಿಕೆ: ಸ್ನಾಯುವನ್ನು ಉಜ್ಜುವುದು, ನಾದುವುದು, ನೋಯುವ ಗಂಟಿನ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಒತ್ತುವುದು. ಇಂಥ ಗಂಟುಗಳನ್ನು ‘ಟ್ರಿಗರ್ ಪಾಯಿಂಟ್’ ಎಂದು ಜನಪ್ರಿಯಗೊಳಿಸಿದವರು ಜಾನೆಟ್ ಟ್ರಾವೆಲ್. ಅವರು ಅಮೆರಿಕದ ಅಧ್ಯಕ್ಷ ಕೆನಡಿಯವರ ವೈದ್ಯೆಯಾಗಿದ್ದವರು. ಆ ಗಂಟು ನಿಖರವಾಗಿ ಏನು ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. ‘ಅಲ್ಲಿ ವಿಷ ಸೇರಿಕೊಂಡಿದೆ, ಒತ್ತಿದರೆ ಹರಿದು ಹೋಗುತ್ತದೆ’ ಎನ್ನುವುದಕ್ಕೆ ಆಧಾರವಿಲ್ಲ.

ನಿಧಾನವಾದ ಎಳೆತ: ಚಿಕಿತ್ಸಕರು ಒಂದು ಕೈಯಲ್ಲಿ ಹೆಗಲನ್ನು ಕೆಳಗೆ ಹಿಡಿದು, ಇನ್ನೊಂದು ಕೈಯಲ್ಲಿ ತಲೆಯನ್ನು ಎದುರು ಪಕ್ಕಕ್ಕೆ ಮೆಲ್ಲಗೆ ಬಾಗಿಸಿ 20ರಿಂದ 30 ಸೆಕೆಂಡು ಹಿಡಿಯುತ್ತಾರೆ. ಇದರಿಂದ ಸ್ನಾಯು ಉದ್ದವಾಗುತ್ತದೆ ಎಂದು ಹಿಂದೆ ನಂಬಿದ್ದರು. ಕೆಲವು ವಾರಗಳ ಅಭ್ಯಾಸದಲ್ಲಿ ಮುಖ್ಯವಾಗಿ ಬದಲಾಗುವುದು ಎಳೆತವನ್ನು ಸಹಿಸುವ ನಮ್ಮ ಶಕ್ತಿ ಎಂದು ಈಗಿನ ಸಂಶೋಧನೆ ಹೇಳುತ್ತದೆ. ಮೊದಲು ‘ಇನ್ನು ಸಾಕು’ ಎನ್ನುತ್ತಿದ್ದ ಕಡೆ ಈಗ ಮಿದುಳು ‘ಇನ್ನೂ ಸ್ವಲ್ಪ ಪರವಾಗಿಲ್ಲ’ ಎನ್ನುತ್ತದೆ.

ಒತ್ತಿ, ಬಿಟ್ಟು, ಎಳೆಯುವುದು: ಇದನ್ನು ಮಸಲ್ ಎನರ್ಜಿ ತಂತ್ರ ಎನ್ನುತ್ತಾರೆ. ಅಮೆರಿಕದ ಫ್ರೆಡ್ ಮಿಚೆಲ್ ಇದನ್ನು ರೂಪಿಸಿದರು. ಹೆಚ್ಚುಕಡಿಮೆ ಇದೇ ತತ್ವದ ವಿಧಾನವನ್ನು ಪ್ರಾಗ್‌ನ ವೈದ್ಯ ಕರೆಲ್ ಲೆವಿಟ್ ಬೆಳೆಸಿದರು. ನೀವು ತಲೆಯನ್ನು ಚಿಕಿತ್ಸಕರ ಕೈಗೆ ವಿರುದ್ಧವಾಗಿ ಮೆಲ್ಲಗೆ ಒತ್ತಬೇಕು, ಅವರು ಅಲುಗಾಡಲು ಬಿಡುವುದಿಲ್ಲ. ಐದರಿಂದ ಹತ್ತು ಸೆಕೆಂಡು ಒತ್ತಿ ಬಿಟ್ಟಾಗ ಸ್ನಾಯು ಸಡಿಲವಾಗುತ್ತದೆ. ಆಗ ಇನ್ನೊಂದು ಚೂರು ಎಳೆಯುತ್ತಾರೆ. ಇಲ್ಲಿ ಬಲ ಕೊಡುವವರು ನೀವೇ. ಆದ್ದರಿಂದ ನಿಯಂತ್ರಣವೂ ನಿಮ್ಮದೇ.

ಮೊಬಿಲೈಸೇಶನ್: ಕತ್ತಿನ ಒಂದೊಂದು ಕೀಲನ್ನು ಹೆಬ್ಬೆರಳಿನಿಂದ ನಿಧಾನವಾಗಿ, ಲಯಬದ್ಧವಾಗಿ ಆಡಿಸುವುದು. ಆಸ್ಟ್ರೇಲಿಯಾದ ಜೆಫ್ರಿ ಮೇಟ್‌ಲ್ಯಾಂಡ್ ಈ ಒತ್ತಡವನ್ನು ದರ್ಜೆಗಳಾಗಿ ವಿಂಗಡಿಸಿದರು. ನ್ಯೂಜಿಲೆಂಡಿನ ಬ್ರಯನ್ ಮಲ್ಲಿಗನ್ ರೋಗಿ ತಾನೇ ಕತ್ತು ತಿರುಗಿಸುತ್ತಿರುವಾಗ ಕೀಲಿಗೆ ಆಸರೆ ಕೊಡುವ ವಿಧಾನ ತಂದರು. ನಮ್ಮ ಫಿಸಿಯೋಥೆರಪಿಸ್ಟ್‌ಗಳಲ್ಲಿ ಅನೇಕರು ಬಳಸುವುದು ಇವನ್ನೇ. ಯಾವ ಹಂತದಲ್ಲೂ ನೀವು ‘ಸಾಕು’ ಎಂದು ತಡೆಯಬಹುದು.

ಮ್ಯಾನಿಪ್ಯುಲೇಶನ್: ಕೀಲನ್ನು ಅದರ ಮಿತಿಯವರೆಗೆ ಒಯ್ದು, ಅಲ್ಲಿಂದ ಒಮ್ಮೆಲೇ ವೇಗದ ಸಣ್ಣ ತಳ್ಳುವಿಕೆ. ‘ಟಕ್’ ಬರುವುದು ಇಲ್ಲಿ. ಆ ತಳ್ಳುವಿಕೆ ಎಷ್ಟು ಬೇಗ ಮುಗಿಯುತ್ತದೆ ಎಂದರೆ ಬೇಡ ಎನ್ನಲು ರೋಗಿಗೆ ಸಮಯವೇ ಇರುವುದಿಲ್ಲ. ಡೇನಿಯಲ್ ಡೇವಿಡ್ ಪಾಮರ್ ಎಂಬವರು 1895ರಲ್ಲಿ ಅಮೆರಿಕದ ಐಯೋವಾದಲ್ಲಿ ಆರಂಭಿಸಿದ ಕೈರೋಪ್ರಾಕ್ಟಿಕ್ ಪದ್ಧತಿಯ ಮುಖ್ಯ ವಿಧಾನ ಇದು. ಒಬ್ಬರ ಕಿವುಡುತನವನ್ನು ಬೆನ್ನುಮೂಳೆ ಸರಿಪಡಿಸಿ ಗುಣಪಡಿಸಿದೆ ಎಂದು ಪಾಮರ್ ಹೇಳಿಕೊಂಡಿದ್ದರು. ‘ಮೂಳೆ ಸರಿದಿದೆ, ಕೂರಿಸುತ್ತೇನೆ’ ಎಂಬ ಮಾತಿನ ಬೇರು ಅಲ್ಲಿದೆ.

ಇವು ನಿಜಕ್ಕೂ ಕೆಲಸ ಮಾಡುತ್ತವೆಯೇ?

ಮಾಡುತ್ತವೆ, ಆದರೆ ವಿಡಿಯೊ ತೋರಿಸುವಷ್ಟು ಅಲ್ಲ.

ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆ 2015ರಲ್ಲಿ ಕತ್ತು ನೋವಿನ ಚಿಕಿತ್ಸೆಗಳನ್ನು ಪರಿಶೀಲಿಸಿತು. ಜೋರಾಗಿ ತಿರುವುವ ವಿಧಾನಕ್ಕೂ ನಿಧಾನವಾಗಿ ಆಡಿಸುವ ವಿಧಾನಕ್ಕೂ ಫಲಿತಾಂಶ ಹೆಚ್ಚುಕಡಿಮೆ ಒಂದೇ ಎಂಬುದು ಅದರಲ್ಲಿ ಕಂಡುಬಂತು. ಇದು ಗಮನಿಸಬೇಕಾದ ಮಾತು. ನಿಧಾನವಾಗಿ ಮಾಡಿದರೂ ಅಷ್ಟೇ ಲಾಭ ಸಿಗುವುದಾದರೆ ‘ಟಕ್’ ಅನ್ನಿಸಿಕೊಳ್ಳುವ ಅಪಾಯ ಯಾಕೆ?

2012ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕತ್ತು ನೋವಿನ 272 ಜನರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಬೆನ್ನುಮೂಳೆಯ ಮ್ಯಾನಿಪ್ಯುಲೇಶನ್, ಒಂದಕ್ಕೆ ಮಾತ್ರೆ, ಇನ್ನೊಂದಕ್ಕೆ ಮನೆಯಲ್ಲಿ ಮಾಡುವ ಸರಳ ವ್ಯಾಯಾಮ. ಹನ್ನೆರಡು ವಾರಗಳ ನಂತರ ಮಾತ್ರೆಗಿಂತ ಮ್ಯಾನಿಪ್ಯುಲೇಶನ್ ಮೇಲಾಗಿತ್ತು. ಆದರೆ ಮ್ಯಾನಿಪ್ಯುಲೇಶನ್‌ಗೂ ಮನೆಯ ವ್ಯಾಯಾಮಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಆ ವ್ಯಾಯಾಮಕ್ಕೆ ಯಾವ ಉಪಕರಣವೂ ಬೇಕಿರಲಿಲ್ಲ. ಕತ್ತು ಮತ್ತು ಹೆಗಲನ್ನು ಮೆಲ್ಲಗೆ ಆಡಿಸುವುದು, ದಿನಕ್ಕೆ ಆರರಿಂದ ಎಂಟು ಸಲ. ಅಷ್ಟೇ.

ಫಿನ್‌ಲೆಂಡಿನಲ್ಲಿ ಯಾರಿ ಯುಲಿನೆನ್ ಅವರ ತಂಡ ಇನ್ನೂ ನೇರವಾದ ಪ್ರಶ್ನೆ ಕೇಳಿತು. ಬಹುಕಾಲದಿಂದ ಕತ್ತು ನೋವಿದ್ದ 125 ಮಹಿಳೆಯರಲ್ಲಿ ಒಂದು ಗುಂಪಿಗೆ ವಾರಕ್ಕೆರಡು ಸಲ ಕೈಯಿಂದ ಚಿಕಿತ್ಸೆ, ಇನ್ನೊಂದು ಗುಂಪಿಗೆ ವಾರಕ್ಕೆ ಐದು ದಿನ ಮನೆಯಲ್ಲೇ ಎಳೆತದ ವ್ಯಾಯಾಮ. 2007ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಎರಡೂ ಗುಂಪುಗಳಲ್ಲಿ ನೋವು ತಗ್ಗಿತು. ಮನೆಯ ವ್ಯಾಯಾಮಕ್ಕೆ ಖರ್ಚು ಕಡಿಮೆ.

ಆದರೆ ಎಳೆತ ಒಂದೇ ಸಾಲದು. ಅದೇ ತಂಡ 2003ರಲ್ಲಿ ಕಚೇರಿ ಕೆಲಸದ 180 ಮಹಿಳೆಯರ ಮೇಲೆ ಒಂದು ವರ್ಷದ ಅಧ್ಯಯನ ಮಾಡಿತ್ತು. ಬರೀ ಎಳೆತ ಮತ್ತು ನಡಿಗೆಯಂಥ ವ್ಯಾಯಾಮ ಮಾಡಿದವರಿಗಿಂತ, ಕತ್ತು ಮತ್ತು ಹೆಗಲಿಗೆ ಬಲ ಬರುವ ವ್ಯಾಯಾಮವನ್ನೂ ಮಾಡಿದವರಲ್ಲಿ ನೋವು ಹೆಚ್ಚು ಕಡಿಮೆಯಾಯಿತು. ಕೈಯಿಂದ ಮಾಡುವ ಚಿಕಿತ್ಸೆ ಬಾಗಿಲು ತೆರೆಯುತ್ತದೆ, ಒಳಗೆ ನಡೆದು ಹೋಗಬೇಕಾದವರು ನಾವೇ.

ಅಪಾಯ ಎಲ್ಲಿದೆ?

ಮಿದುಳಿಗೆ ರಕ್ತ ಒಯ್ಯುವ ನಾಲ್ಕು ಮುಖ್ಯ ನಾಳಗಳು ಕತ್ತಿನ ಮೂಲಕವೇ ಹೋಗುತ್ತವೆ. ಮುಂಭಾಗದಲ್ಲಿ ಎರಡು, ಕ್ಯಾರೊಟಿಡ್. ಹಿಂಭಾಗದಲ್ಲಿ ಎರಡು, ವರ್ಟೆಬ್ರಲ್. ಹಿಂದಿನ ಈ ನಾಳಗಳು ಕತ್ತಿನ ಮೂಳೆಗಳ ಪಕ್ಕದ ಸಣ್ಣ ರಂಧ್ರಗಳ ಮೂಲಕ, ಸೂಜಿಗೆ ಪೋಣಿಸಿದ ದಾರದಂತೆ ಮೇಲೇರುತ್ತವೆ. ಮೇಲಿನ ಎರಡು ಮೂಳೆಗಳ ಬಳಿ ತಿರುವು ತೆಗೆದುಕೊಂಡು ತಲೆಬುರುಡೆಯೊಳಗೆ ಹೋಗುತ್ತವೆ. ನಾವು ತಲೆ ತಿರುಗಿಸುವಾಗ ಆ ತಿರುಗುವಿಕೆಯ ಅರ್ಧದಷ್ಟು ನಡೆಯುವುದು ಇದೇ ಎರಡು ಮೂಳೆಗಳ ನಡುವೆ. ಅಲ್ಲಿ ಒಮ್ಮೆಲೇ ಜೋರಾಗಿ ತಿರುವಿದರೆ ನಾಳದ ಒಳಪದರ ಸೀಳಬಹುದು. ಸೀಳಿದ ಕಡೆ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಮಿದುಳಿಗೆ ಹೋಗಿ ಅಡ್ಡ ನಿಂತರೆ ಪಾರ್ಶ್ವವಾಯು.

ಬಳ್ಳಾರಿಯ 30 ವರ್ಷದ ಯುವಕರೊಬ್ಬರಿಗೆ ಆದದ್ದು ಇದೇ. 2024ರ ಸೆಪ್ಟೆಂಬರಿನಲ್ಲಿ ಪತ್ರಿಕೆಗಳಲ್ಲಿ ಬಂದ ವರದಿಯಂತೆ, ಕ್ಷೌರಕ್ಕೆ ಹೋದಾಗ ಪುಕ್ಕಟೆಯಾಗಿ ತಲೆ ಮಸಾಜ್ ಮಾಡಿ ಕೊನೆಗೆ ಕತ್ತು ತಿರುವಿದರು. ಆ ಕ್ಷಣಕ್ಕೆ ಜೋರು ನೋವು. ಮನೆಗೆ ಹೋದ ಕೆಲವು ಗಂಟೆಗಳಲ್ಲಿ ಮಾತು ತೊದಲಿತು, ಎಡಭಾಗದ ಬಲ ಹೋಯಿತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಪರೀಕ್ಷಿಸಿದಾಗ ಕ್ಯಾರೊಟಿಡ್ ನಾಳ ಸೀಳಿ ಪಾರ್ಶ್ವವಾಯುವಾಗಿತ್ತು. ಚೇತರಿಸಿಕೊಳ್ಳಲು ಅವರಿಗೆ ಸುಮಾರು ಎರಡು ತಿಂಗಳು ಹಿಡಿಯಿತು. 2017ರಲ್ಲಿ ದೆಹಲಿ ಬಳಿ ವರದಿಯಾದ ಇನ್ನೊಂದು ಪ್ರಕರಣದಲ್ಲಿ ಹೀಗೆಯೇ ಕತ್ತು ತಿರುವಿಸಿಕೊಂಡವರ ಉಸಿರಾಟದ ವಪೆಯನ್ನು ನಡೆಸುವ ನರಕ್ಕೆ ಪೆಟ್ಟಾಗಿ ಉಸಿರಾಡುವುದೇ ಕಷ್ಟವಾಗಿತ್ತು. ತಿರುವದೆ, ತಲೆಯನ್ನು ಹಿಂದಕ್ಕೆ ಬಾಗಿಸಿದ್ದರಿಂದಲೂ ತೊಂದರೆಯಾದದ್ದಿದೆ. ಬ್ಯೂಟಿ ಪಾರ್ಲರಿನ ಬೇಸಿನ್ನಿಗೆ ತಲೆ ಬಾಗಿಸಿ ಕೂದಲು ತೊಳೆಸಿಕೊಂಡ ಮೇಲೆ ಪಾರ್ಶ್ವವಾಯು ಆದ ಪ್ರಕರಣಗಳನ್ನು 1993ರಲ್ಲೇ ಅಮೆರಿಕದ ವೈದ್ಯರು ದಾಖಲಿಸಿದ್ದಾರೆ. 2022ರಲ್ಲಿ ಹೈದರಾಬಾದಿನಲ್ಲೂ ಅಂಥದೊಂದು ಸುದ್ದಿಯಾಯಿತು.

ಇಲ್ಲಿ ನ್ಯಾಯವಾಗಿ ಒಂದು ಮಾತು ಹೇಳಬೇಕು. ಇದು ಅಪರೂಪ. ಕತ್ತು ತಿರುವಿಸಿಕೊಂಡ ಬಹುಪಾಲು ಜನರಿಗೆ ಏನೂ ಆಗುವುದಿಲ್ಲ. ಅಲ್ಲದೆ ನಾಳ ಸೀಳಲು ಶುರುವಾದಾಗ ಬರುವ ಮೊದಲ ಲಕ್ಷಣವೇ ಕತ್ತು ನೋವಾಗಿರಬಹುದು. ಆ ನೋವಿಗೆಂದು ಜನ ಚಿಕಿತ್ಸೆಗೆ ಹೋಗಿರಬಹುದು. 2008ರಲ್ಲಿ ಕೆನಡಾದ ಒಂಟಾರಿಯೊದಲ್ಲಿ 818 ಪಾರ್ಶ್ವವಾಯು ಪ್ರಕರಣಗಳನ್ನು ಪರಿಶೀಲಿಸಿದಾಗ ಇಂಥ ಸುಳಿವು ಸಿಕ್ಕಿತು. ಕೈರೋಪ್ರಾಕ್ಟರ್ ಬಳಿ ಹೋದವರಲ್ಲಿ ಕಂಡ ನಂಟು ಸಾಮಾನ್ಯ ವೈದ್ಯರ ಬಳಿ ಹೋದವರಲ್ಲೂ ಕಂಡಿತು. ಹಾಗಾಗಿ 2014ರಲ್ಲಿ ಅಮೆರಿಕದ ಹೃದ್ರೋಗ ಸಂಘ ಎಚ್ಚರದಿಂದ ಹೀಗೆ ಹೇಳಿತು: ಕತ್ತು ತಿರುವುವುದಕ್ಕೂ ನಾಳ ಸೀಳುವುದಕ್ಕೂ ನಂಟಿದೆ, ಅದೇ ಕಾರಣ ಎಂದು ಸಾಬೀತಾಗಿಲ್ಲ, ಆದರೂ ಮಾಡುವ ಮೊದಲು ರೋಗಿಗೆ ಈ ಅಪಾಯವನ್ನು ತಿಳಿಸಬೇಕು.

ಯಾವ ಕಡೆಯಿಂದ ನೋಡಿದರೂ ತೀರ್ಮಾನ ಒಂದೇ. ನಾಳ ಮೊದಲೇ ಸೀಳಿದ್ದರೆ ಅದನ್ನು ಪತ್ತೆಹಚ್ಚದೆ ತಿರುವುವುದು ಇನ್ನೂ ಅಪಾಯ. ಸೀಳಿರದಿದ್ದರೆ, ತಿರುವದೆ ಸಿಗುವ ಲಾಭಕ್ಕೆ ತಿರುವಬೇಕಾದ ಅಗತ್ಯವೇ ಇಲ್ಲ.

ಸೆಲೂನಿನವರನ್ನು ಬೈಯಬೇಕೇ?

ಬೇಡ. ತಲೆಗೆ ಎಣ್ಣೆ ಹಚ್ಚಿ ತಟ್ಟುವುದು, ಹೆಗಲು ನಾದುವುದು ಹಿತವಾದ ಸೇವೆ. ಅದರಲ್ಲಿ ತಪ್ಪಿಲ್ಲ. ಕೊನೆಯಲ್ಲಿ ಕತ್ತು ತಿರುವುವುದು ಗಿರಾಕಿಗಳೇ ಕೇಳಿ ಕೇಳಿ ಬೆಳೆದುಬಂದ ರೂಢಿ. ಆದ್ದರಿಂದ ನಿಲ್ಲಿಸಬೇಕಾದವರೂ ನಾವೇ. ಕುರ್ಚಿಯಲ್ಲಿ ಕೂರುವಾಗಲೇ ‘ಅಣ್ಣಾ, ಮಸಾಜ್ ಮಾಡಿ, ಕತ್ತು ಮಾತ್ರ ತಿರುಗಿಸಬೇಡಿ’ ಎಂದರೆ ಸಾಕು. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಮನೆಯಲ್ಲಿ ಏನು ಮಾಡಬಹುದು?

ಕೈಕಾಲಿನಲ್ಲಿ ಜೋಮು, ಬಲಹೀನತೆ ಇಲ್ಲದ ಸಾಮಾನ್ಯ ಬಿಗಿತಕ್ಕೆ ಇವು ಸಾಕು. ಬಿಸಿನೀರಿನ ಬಟ್ಟೆಯಿಂದ ಹತ್ತು ನಿಮಿಷ ಶಾಖ ಕೊಟ್ಟುಕೊಂಡು ಶುರುಮಾಡಿ.

1. ಪಕ್ಕಕ್ಕೆ ಬಾಗಿಸುವುದು: ಕುರ್ಚಿಯಲ್ಲಿ ನೆಟ್ಟಗೆ ಕೂತು ಬಲಗೈಯಿಂದ ಕುರ್ಚಿಯ ಅಂಚನ್ನು ಹಿಡಿಯಿರಿ. ಎಡಕಿವಿಯನ್ನು ಎಡ ಹೆಗಲಿನ ಕಡೆ ಮೆಲ್ಲಗೆ ಬಾಗಿಸಿ. ಬಲಭಾಗದಲ್ಲಿ ಹಿತವಾದ ಎಳೆತ ಗೊತ್ತಾಗುವಲ್ಲಿ ನಿಲ್ಲಿಸಿ 20ರಿಂದ 30 ಸೆಕೆಂಡು ಹಿಡಿಯಿರಿ. ಉಸಿರು ಹಿಡಿಯಬೇಡಿ. ಎರಡೂ ಕಡೆ ಮೂರು ಸಲ.

2. ಕಂಕುಳ ಕಡೆ ನೋಡುವುದು: ಮುಖವನ್ನು ಅರ್ಧದಷ್ಟು ಎಡಕ್ಕೆ ತಿರುಗಿಸಿ, ಎಡ ಕಂಕುಳನ್ನು ನೋಡುವಂತೆ ತಲೆ ತಗ್ಗಿಸಿ. ಬಲ ಹೆಗಲಿನ ಹಿಂಭಾಗದಲ್ಲಿ ಎಳೆತ ತಿಳಿಯುತ್ತದೆ. ಅಷ್ಟೇ ಹೊತ್ತು ಹಿಡಿದು ಇನ್ನೊಂದು ಕಡೆ ಮಾಡಿ.

3. ಗದ್ದ ಹಿಂದಕ್ಕೆ: ತಲೆ ಬಾಗಿಸದೆ ಗದ್ದವನ್ನು ಮಾತ್ರ ಹಿಂದಕ್ಕೆ ತಳ್ಳಿ ಐದು ಸೆಕೆಂಡು ಹಿಡಿಯಿರಿ. ಹತ್ತು ಸಲ.

4. ಅಲುಗಾಡದ ಒತ್ತು: ಅಂಗೈಯನ್ನು ಹಣೆಗಿಟ್ಟು ತಲೆಯಿಂದ ಮೆಲ್ಲಗೆ ಒತ್ತಿ, ಕೈ ತಡೆಯಲಿ. ಆರು ಸೆಕೆಂಡು. ಹಾಗೆಯೇ ಎರಡೂ ಪಕ್ಕ ಮತ್ತು ಹಿಂಭಾಗ.

5. ಹೆಗಲಿಗೆ ಬಲ: ಒಂದು ಲೀಟರಿನ ನೀರಿನ ಬಾಟಲಿ ಹಿಡಿದು, ಸ್ವಲ್ಪ ಬಾಗಿ, ಮೊಣಕೈಯನ್ನು ಹಿಂದಕ್ಕೆ ಎಳೆಯಿರಿ. ಹತ್ತು ಸಲ, ವಾರಕ್ಕೆ ಮೂರು ದಿನ.

ಕತ್ತನ್ನು ಗಾಣದಂತೆ ಗರಗರನೆ ಸುತ್ತಿಸಬೇಡಿ. ಕೈಯಿಂದ ತಲೆಯನ್ನು ಜಗ್ಗಬೇಡಿ. ಮಾಡುವಾಗ ತಲೆಸುತ್ತು ಬಂದರೆ ಅಥವಾ ಕೈಗೆ ಮಿಂಚು ಹೊಡೆದಂತಾದರೆ ನಿಲ್ಲಿಸಿ. ಇವೆಲ್ಲಕ್ಕಿಂತ ಮುಖ್ಯವಾಗಿ ಅರ್ಧ ಗಂಟೆಗೊಮ್ಮೆ ಕೂತ ಭಂಗಿ ಬದಲಿಸಿ.

ಯಾವಾಗ ವೈದ್ಯರನ್ನೇ ನೋಡಬೇಕು?

• ಬಿದ್ದು ಅಥವಾ ಅಪಘಾತವಾಗಿ ಕತ್ತು ನೋಯುತ್ತಿದ್ದರೆ.
• ನೋವು ಕೈಗೆ ಇಳಿದು ಜೋಮು, ಬಲಹೀನತೆ ಇದ್ದರೆ, ಅಂಗಿಯ ಗುಂಡಿ ಹಾಕಲು ತಡವರಿಸುವಂತಾದರೆ, ನಡೆಯುವಾಗ ತೂರಾಡುವಂತಾದರೆ.
• ಜ್ವರ, ತಲೆನೋವಿನ ಜೊತೆ ಗದ್ದ ಎದೆಗೆ ತಾಗಿಸಲಾಗದಷ್ಟು ಕತ್ತು ಸೆಟೆದರೆ. ಇದು ಮಿದುಳುಪೊರೆಯ ಸೋಂಕಿರಬಹುದು, ತಡಮಾಡಬೇಡಿ.
• ನಡೆದಾಗ, ಮೆಟ್ಟಿಲು ಹತ್ತಿದಾಗ ಎದೆ, ದವಡೆ, ಕತ್ತು ಹಿಂಡಿದಂತಾದರೆ. ಇದು ಹೃದಯದ ತೊಂದರೆ ಇರಬಹುದು.
• ಸಂಧಿವಾತ, ಮೂಳೆ ಸವಕಲು, ಕ್ಯಾನ್ಸರ್ ಇದ್ದವರಿಗೆ ಅಥವಾ ಬಹುಕಾಲ ಸ್ಟೀರಾಯ್ಡ್ ತೆಗೆದುಕೊಂಡವರಿಗೆ ಹೊಸದಾಗಿ ಕತ್ತು ನೋವು ಬಂದರೆ.

ಹಿಂದೆಂದೂ ಬಾರದಂಥ ಜೋರು ನೋವು ಕತ್ತಿನ ಒಂದೇ ಕಡೆ ಇದ್ದಕ್ಕಿದ್ದಂತೆ ಬಂದರೆ, ಜೊತೆಗೆ ತಲೆಸುತ್ತು, ಎರಡೆರಡಾಗಿ ಕಾಣುವುದು, ರೆಪ್ಪೆ ಜೋತು ಬೀಳುವುದು, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು ಕಂಡರೆ ಮಸಾಜ್ ಮಾಡಿಸಬೇಡಿ, ನಿದ್ದೆ ಮಾಡಿದರೆ ಸರಿಹೋಗುತ್ತದೆ ಎಂದು ಕಾಯಬೇಡಿ. 108ಕ್ಕೆ ಕರೆ ಮಾಡಿ. ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡಲು ಸಾಮಾನ್ಯವಾಗಿ ಇರುವ ಸಮಯ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆ ಮಾತ್ರ. ಕತ್ತು ತಿರುವಿಸಿಕೊಂಡ ಕೆಲವು ಗಂಟೆ ಅಥವಾ ದಿನಗಳ ನಂತರವೂ ಈ ಲಕ್ಷಣ ಬರಬಹುದು. ತಿರುವಿಸಿಕೊಂಡ ವಿಷಯವನ್ನು ವೈದ್ಯರಿಗೆ ಮರೆಯದೆ ಹೇಳಿ.

ಚಿಕಿತ್ಸೆಗೆ ಹೋದರೆ ಕೇಳಬೇಕಾದ ಪ್ರಶ್ನೆಗಳು

ಫಿಸಿಯೋಥೆರಪಿಸ್ಟ್‌ಗೆ ಬಿ.ಪಿ.ಟಿ. ಪದವಿ ಇದೆಯೇ ಎಂದು ಕೇಳಲು ಸಂಕೋಚ ಬೇಡ. ಫಿಸಿಯೋಥೆರಪಿ ಸೇರಿದಂತೆ ಆರೋಗ್ಯ ಸಂಬಂಧಿ ವೃತ್ತಿಗಳಿಗಾಗಿ 2021ರಲ್ಲಿ ರಾಷ್ಟ್ರೀಯ ಆಯೋಗದ ಕಾಯ್ದೆಯೇ ಬಂದಿದೆ. ಮುಟ್ಟುವ ಮೊದಲು ಅವರು ನಿಮ್ಮ ಬಿ.ಪಿ., ಹಳೆಯ ಕಾಯಿಲೆ, ಔಷಧಿಗಳ ಬಗ್ಗೆ ವಿಚಾರಿಸಬೇಕು, ಕೈಕಾಲಿನ ಬಲ ಪರೀಕ್ಷಿಸಬೇಕು. ‘ಏನು ಮಾಡುತ್ತೀರಿ? ಜೋರಾಗಿ ತಿರುವುತ್ತೀರಾ? ತಿರುವದೆ ಬೇರೆ ದಾರಿ ಇದೆಯೇ? ಮನೆಯಲ್ಲಿ ಏನು ಮಾಡಬೇಕು?’ ಎಂದು ಕೇಳಿ. ಕೊನೆಯ ಪ್ರಶ್ನೆಗೆ ಉತ್ತರ ಕೊಡದೆ ಇಪ್ಪತ್ತು ಸಿಟ್ಟಿಂಗಿನ ಪ್ಯಾಕೇಜ್ ತೋರಿಸಿದರೆ ಬೇರೆಡೆ ನೋಡುವುದು ವಾಸಿ.

ಕೆಲವು ಮಾತುಗಳು, ಕೆಲವು ಉತ್ತರಗಳು

‘ಎಂ.ಆರ್.ಐ.ಯಲ್ಲಿ ಡಿಸ್ಕ್ ಉಬ್ಬಿದೆ ಎಂದಿದೆ, ಕತ್ತು ಹಾಳಾಯಿತು.’ ಜಪಾನಿನಲ್ಲಿ ಕತ್ತು ನೋವೇ ಇಲ್ಲದ 1,211 ಜನರ ಎಂ.ಆರ್.ಐ. ತೆಗೆದಾಗ ಶೇ 87.6 ಮಂದಿಯಲ್ಲಿ ಡಿಸ್ಕ್ ಉಬ್ಬಿತ್ತು. ಚಿತ್ರ ಮಾತ್ರ ನೋಡಿ ಹೆದರಬೇಡಿ.

‘ದಿಂಬನ್ನು ಬಿಸಿಲಿಗೆ ಹಾಕಿದೆ, ಉಳುಕು ಹೋಯಿತು’, ‘ಕಾಲು ಮುಂದಾಗಿ ಹುಟ್ಟಿದವರು ಕಾಲು ತಾಗಿಸಿದರು, ಸರಿಹೋಯಿತು.’ ಬೆಳಗ್ಗೆ ಎದ್ದಾಗ ಹಿಡಿದ ಕತ್ತು ಸಾಮಾನ್ಯವಾಗಿ ಕೆಲವು ದಿನಗಳಿಂದ ಒಂದು ವಾರದೊಳಗೆ ತಾನಾಗಿಯೇ ಬಿಡುತ್ತದೆ. ಆ ವಾರದಲ್ಲಿ ನಾವು ಕೊನೆಗೆ ಏನು ಮಾಡಿದ್ದೆವೋ ಅದಕ್ಕೆ ಹೆಸರು ಬರುತ್ತದೆ. ದಿಂಬು ಬಿಸಿಲಿಗೆ ಹಾಕಿದರೆ ನಷ್ಟವೇನಿಲ್ಲ. ಕತ್ತು ತಿರುವಿದರೆ ಇರಬಹುದು. ವಿಡಿಯೊದಲ್ಲಿ ನಗುತ್ತಾ ಎದ್ದವರು ಮರುವಾರ ಹೇಗಿದ್ದರು ಎಂಬುದನ್ನು ಯಾರೂ ತೋರಿಸುವುದಿಲ್ಲ ಎಂಬುದೂ ನೆನಪಿರಲಿ.

‘ಪೂರ್ತಿ ವಿಶ್ರಾಂತಿ ಮಾಡಿ, ಪಟ್ಟಿ ಕಟ್ಟಿಕೊಂಡೇ ಇರಿ.’ ಸಾಮಾನ್ಯ ಬಿಗಿತಕ್ಕೆ ಇದು ಬೇಡ. ಬಹಳ ದಿನ ಕಾಲರ್ ಹಾಕಿದರೆ ಸ್ನಾಯು ಇನ್ನಷ್ಟು ದುರ್ಬಲವಾಗುತ್ತದೆ. ನೋವು ಹೆಚ್ಚದ ಮಿತಿಯಲ್ಲಿ ಕತ್ತು ಆಡಿಸುತ್ತಿರುವುದೇ ಒಳ್ಳೆಯದು.

ಒಟ್ಟಿನಲ್ಲಿ

ಕೈಯಿಂದ ಮಾಡುವ ಚಿಕಿತ್ಸೆ ಮೋಸವಲ್ಲ, ಪವಾಡವೂ ಅಲ್ಲ. ತಿಳಿದವರ ಕೈಯಲ್ಲಿ, ಮೃದುವಾಗಿ, ವ್ಯಾಯಾಮದ ಜೊತೆಗೆ ಮಾಡಿದರೆ ಉಪಯೋಗವಿದೆ. ‘ಟಕ್’ ಎಂಬ ಸದ್ದು ಗುಣವಾದ ಗುರುತಲ್ಲ. ಆ ಸದ್ದಿಗಾಗಿ ಮಿದುಳಿನ ರಕ್ತನಾಳವನ್ನು ಪಣಕ್ಕಿಡುವುದು ಬೇಡ.

ಮುಂದಿನ ಸಲ ಆ ವಿಡಿಯೊ ಬಂದಾಗ ಕೆಳಗಿನ ನಾಲ್ಕು ಸಾಲುಗಳನ್ನು ಉತ್ತರವಾಗಿ ಕಳಿಸಿ. ಮುಖ್ಯವಾಗಿ ಮನೆಯಲ್ಲಿ ಕ್ಷೌರಕ್ಕೆ ಹೊರಟ ತಮ್ಮನಿಗೆ, ಅಪ್ಪನಿಗೆ, ಮಗನಿಗೆ ಕಳಿಸಿ.

‘ಕತ್ತು ತಿರುವಿಸಿಕೊಳ್ಳಬೇಡಿ. ಸದ್ದು ಬಂದರೆ ಮೂಳೆ ಕೂತಂತಲ್ಲ. ಬಿಗಿತಕ್ಕೆ ಶಾಖ, ಮೃದು ಎಳೆತ, ದಿನವೂ ವ್ಯಾಯಾಮ. ಮಾತು ತೊದಲಿದರೆ, ಕೈ ಸೋತರೆ, ಬಾಯಿ ಸೊಟ್ಟಗಾದರೆ ತಕ್ಷಣ 108.’